ಹಿತ್ತಾಳೆ ತಗಡಿನಿಂದ ರೈಲು ಎಂಜಿನ್: ಕಿಟ್‌ನ ತಪ್ಪು ಎಲ್ಲಿ ಕೂತಿರುತ್ತದೆ?

ಕೊಡಗಿಗೆ ರೈಲು ಬಂದಿಲ್ಲ. ಇಡೀ ಜಿಲ್ಲೆಯಲ್ಲಿ ಒಂದು ನಿಲ್ದಾಣವೂ ಇಲ್ಲ. ಮಡಿಕೇರಿಯವರು ರೈಲು ಹತ್ತಬೇಕೆಂದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಇಳಿಯಬೇಕು. ಮೈಸೂರು–ಕುಶಾಲನಗರ ಮಾರ್ಗದ ಮಾತು ಕೇಳಿ ಕೇಳಿ ಒಂದು ತಲೆಮಾರಿಗೆ ವಯಸ್ಸಾಯಿತು. ಪುಷ್ಪಗಿರಿಯ ಆ ಮಗ್ಗುಲಲ್ಲಿ, ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ ರೈಲು ಸುರಂಗ ಹೊಕ್ಕು ಹೊರಟು ಮೇಲೇರುತ್ತದೆ. ಈ ಮಗ್ಗುಲಲ್ಲಿ ನಮಗೆ ಮಳೆಯ ಸದ್ದು. ಕಕ್ಕಡ ತಿಂಗಳು ಹಿಡಿದು ಅಂಗಳಕ್ಕೂ ಕಾಲಿಡಲಾಗದ ದಿನಗಳಲ್ಲಿ ನಾನು ಕಿಟಕಿ ಪಕ್ಕದ ಮೇಜಿನ ಮೇಲೆ, ಬಿಡಿಭಾಗಗಳ ಪೆಟ್ಟಿಗೆಯಿಂದ, ಅಂದರೆ ಕಿಟ್‌ನಿಂದ, ರೈಲು ಎಂಜಿನ್ನಿನ ಮಾದರಿ ಕಟ್ಟುತ್ತೇನೆ. ಪ್ಲಾಸ್ಟಿಕ್ಕಿನದಲ್ಲ, ಲೋಹದ್ದು. ಅಂಗೈಯಲ್ಲಿ ಹಿಡಿಸುವಷ್ಟು, ಆದರೆ ಹಳಿಯ ಮೇಲೆ ತಾನೇ ಓಡುವಂಥದ್ದು.

ಇದನ್ನು ನೋಡಿದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಕಿಟ್ ಒಳ್ಳೆಯದು?" ಹತ್ತಾರು ಕಿಟ್‌ಗಳನ್ನು ಬಿಚ್ಚಿದ ಮೇಲೆ ನನಗೆ ಅನಿಸುವುದು, ಆ ಪ್ರಶ್ನೆಯೇ ಸ್ವಲ್ಪ ತಿರುಗಬೇಕು ಎಂದು. ಪೂರ್ತಿ ಒಳ್ಳೆಯ ಕಿಟ್ ಅಪರೂಪ, ಪೂರ್ತಿ ಕೆಟ್ಟದ್ದೂ ಅಪರೂಪ. ಒಂದೇ ಪೆಟ್ಟಿಗೆಯಲ್ಲಿ ಅಪ್ಪಟ ಚಿನ್ನದಂಥ ಭಾಗವೂ ಇರುತ್ತದೆ, ಕಸಕ್ಕೆ ಹಾಕಬೇಕಾದ ಭಾಗವೂ ಇರುತ್ತದೆ. ತಿಳಿಯಬೇಕಾದದ್ದು ತಪ್ಪು ಎಲ್ಲಿ ಕೂತಿದೆ ಎಂದು: ಮೇಲ್ಮೈಯಲ್ಲೋ, ಜೋಡಣೆಯಲ್ಲೋ, ಅಳತೆಯಲ್ಲೋ.

ಮೊದಲು ಅಳತೆಯ ಮಾತು, ಏಕೆಂದರೆ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ಲೋಹದ ಎಂಜಿನ್ ಕಿಟ್‌ಗಳ ದೊಡ್ಡ ಪರಂಪರೆ ಬ್ರಿಟನ್ನಿನದು. ಅಲ್ಲಿ ಹೆಚ್ಚು ಜನ ಬಳಸುವ ಸ್ಕೇಲ್‌ನಲ್ಲಿ ನಿಜವಾದ ಎಂಜಿನ್ನಿನ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್, ಅಂದರೆ 1:76.2. ಅದರ ಹೆಸರು ಓಓ. ಈ ಲೆಕ್ಕದಲ್ಲಿ 4 ಅಡಿ 8.5 ಇಂಚಿನ ನಿಜವಾದ ಹಳಿಯ ಅಗಲ 18.83 ಮಿ.ಮೀ. ಆಗಬೇಕು. ಆದರೆ ಓಓ ಹಳಿಯ ಅಗಲ 16.5 ಮಿ.ಮೀ. ಮಾತ್ರ! ಬ್ರಿಟಿಷ್ ಎಂಜಿನ್‌ಗಳು ಯುರೋಪಿನವಕ್ಕಿಂತ ಕಿರಿದು. 16.5ರ ಹಳಿ ಯುರೋಪಿನ 1:87 ಸ್ಕೇಲ್‌ನದು; ಅಂದಿನ ಕಾಲದ ಮೋಟಾರು ಆ ಸ್ಕೇಲ್‌ನ ಬ್ರಿಟಿಷ್ ಎಂಜಿನ್ ಮೈಯೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿಯನ್ನು ಹಾಗೇ ಬಿಟ್ಟು ಮೈಯನ್ನು ಮಾತ್ರ ಹಿಗ್ಗಿಸಿದರು. ಆ ರಾಜಿ ಇಂದಿಗೂ ಉಳಿದಿದೆ. ಅದನ್ನು ಒಪ್ಪದ ಕೆಲವರು 18.2 ಅಥವಾ 18.83 ಮಿ.ಮೀ. ಅಗಲದ ಹಳಿ ಬಳಸುತ್ತಾರೆ. ಹಾಗಾಗಿ ಕಿಟ್‌ನಲ್ಲಿ ಚಾಸಿಯ, ಅಂದರೆ ಚಕ್ರಗಳನ್ನು ಹೊರುವ ತಳದ ಚೌಕಟ್ಟಿನ, ಎರಡು ಪಕ್ಕೆಗಳ ನಡುವೆ ಇಡುವ ಅಡ್ಡಪಟ್ಟಿಗಳು ಮೂರು ಅಗಲದಲ್ಲಿ ಇದ್ದರೆ ಅದು ಕಿಟ್ ಮಾಡಿದವರ ಪ್ರಮಾದವಲ್ಲ: ಒಂದು 16.5ಕ್ಕೆ, ಒಂದು 18.2ಕ್ಕೆ, ಒಂದು 18.83ಕ್ಕೆ. ನಿಮ್ಮ ಹಳಿಯದನ್ನು ಆರಿಸಿ, ಉಳಿದೆರಡನ್ನು ಪಕ್ಕಕ್ಕಿಡಿ. ನಮ್ಮ ಮೈಸೂರು ದಾರಿಯಲ್ಲಿ ಹಿಂದೆ ಓಡಿದ ಮೀಟರ್ ಗೇಜ್ ಇದೇ ಸ್ಕೇಲ್‌ನಲ್ಲಿ 13.1 ಮಿ.ಮೀ., ಬ್ರಾಡ್ ಗೇಜ್ 22 ಮಿ.ಮೀ. ಆಗುತ್ತದೆ.

ಇನ್ನು ಲೋಹ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಹಿತ್ತಾಳೆ ತಗಡು ಎಲ್ಲರಿಗೂ ಗೊತ್ತು. ಎರಡನೆಯದನ್ನು ಅಲ್ಲಿನವರು ನಿಕಲ್ ಸಿಲ್ವರ್ ಎನ್ನುತ್ತಾರೆ. ಅದು ನಮ್ಮ ಅಂಗಡಿಗಳ ಜರ್ಮನ್ ಸಿಲ್ವರೇ, ಅರಿಶಿನ ಕುಂಕುಮದ ಬಟ್ಟಲು ಮಾಡುವ ಲೋಹ. ಹೆಸರಲ್ಲಿ ಬೆಳ್ಳಿ, ಒಳಗೆ ತಾಮ್ರ, ನಿಕಲ್, ಸತು. ಬೆಳ್ಳಿ ಒಂದು ಗುಂಜಿಯೂ ಇಲ್ಲ. ಇದು ಹಿತ್ತಾಳೆಗಿಂತ ಬಿಗಿ, ಶಾಖವನ್ನು ಅಷ್ಟು ಬೇಗ ಹರಡುವುದಿಲ್ಲ. ಬೆಸುಗೆ ಹಾಕುವವರಿಗೆ ಇದು ದೊಡ್ಡ ಅನುಕೂಲ, ಶಾಖ ಇಟ್ಟಲ್ಲೇ ನಿಲ್ಲುತ್ತದೆ; ಪಕ್ಕದಲ್ಲಿ ಆಗಲೇ ಹಾಕಿದ ಬೆಸುಗೆ ಕರಗಿ ಬಿಡುವ ಭಯ ಕಡಿಮೆ. ಚಾಸಿಗೆ ಇದೇ ಒಳ್ಳೆಯದು. ಮೂರನೆಯದು ವೈಟ್‌ಮೆಟಲ್. ತವರ ಅಥವಾ ಸೀಸ ಹೆಚ್ಚಿರುವ, ಸುಲಭವಾಗಿ ಕರಗುವ ಮಿಶ್ರಲೋಹ. ಹಳೆಯ ಕಿಟ್‌ಗಳಲ್ಲಿ ಇಡೀ ಮೈಯೇ ಇದರ ಎರಕ. ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ, ಆ ಭಾರವೇ ಅದರ ಬಲ. ಚಕ್ರ ಹಳಿಯನ್ನು ಕಚ್ಚಿ ಹಿಡಿಯುತ್ತದೆ, ಉದ್ದ ಗಾಡಿ ಎಳೆಯುತ್ತದೆ.

ಪ್ರತಿ ಲೋಹದ ಭಾಗ ಹೇಗೆ ತಯಾರಾಗುತ್ತದೆ ಎಂದು ಗೊತ್ತಾದರೆ ಅದರ ದೋಷವೂ ತಾನಾಗಿ ಅರ್ಥವಾಗುತ್ತದೆ. ವೈಟ್‌ಮೆಟಲನ್ನು ತಿರುಗುವ ರಬ್ಬರ್ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ಎರಡು ಹೋಳು. ಹೋಳುಗಳು ಸ್ವಲ್ಪ ಜರುಗಿದರೆ ಚಿಮಣಿಯ ಎಡ ಅರ್ಧ ಒಂದು ಕಡೆ, ಬಲ ಅರ್ಧ ಇನ್ನೊಂದು ಕಡೆ; ನಡುವೆ ಮೆಟ್ಟಿಲು. ಅಚ್ಚು ಹಳತಾದರೆ ಅಂಚಿನಲ್ಲಿ ತೆಳು ರೆಕ್ಕೆಯಂತೆ ಲೋಹ ಹರಿದಿರುತ್ತದೆ, ಮೇಲ್ಮೈಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ರೆಕ್ಕೆಯನ್ನು ಅರದಿಂದ ಉಜ್ಜಿದರೆ ಹೋಯಿತು, ಗುಳಿಗೆ ಪುಟ್ಟಿ ತುಂಬಬಹುದು. ಮೆಟ್ಟಿಲಿಗೆ ಮದ್ದಿಲ್ಲ, ಉಜ್ಜಿ ಸಮ ಮಾಡಿದರೆ ಗುಂಡಗಿದ್ದದ್ದು ಮೊಟ್ಟೆಯಾಕಾರವಾಗುತ್ತದೆ. ಬೇರೆ ಚಿಮಣಿ ತರಿಸುವುದೇ ದಾರಿ.

ತಗಡಿನ ಭಾಗಗಳ ಕಥೆ ಬೇರೆ. ಅವನ್ನು ಕತ್ತರಿಸುವುದು ಕತ್ತರಿಯಲ್ಲ, ಆಮ್ಲದಂಥ ದ್ರಾವಣ. ತಗಡಿನ ಎರಡೂ ಮುಖಕ್ಕೆ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿ, ನಕ್ಷೆಯ ಫಿಲ್ಮ್ ಇಟ್ಟು ಬೆಳಕು ಹಾಯಿಸಿ, ಫೆರಿಕ್ ಕ್ಲೋರೈಡ್ ಸಿಂಪಡಿಸುತ್ತಾರೆ. ಲೇಪವಿಲ್ಲದ ಜಾಗವನ್ನು ಅದು ತಿನ್ನುತ್ತದೆ. ಎರಡೂ ಕಡೆಯಿಂದ ತಿಂದರೆ ತೂತು, ಒಂದೇ ಕಡೆಯಿಂದ ತಿಂದರೆ ಅರ್ಧ ಆಳದ ಗೆರೆ. ಆ ಅರ್ಧ ಗೆರೆಯೇ ಮಡಚುವ ಗುರುತು. ಸಾಮಾನ್ಯವಾಗಿ ಗೆರೆ ಮಡಿಕೆಯ ಒಳಗೆ ಬರಬೇಕು. ಇದನ್ನು ತಿಳಿಯದೆ ಹೊರಗೆ ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರೆ ತಗಡು ಅಲ್ಲೇ ತುಂಡಾಗುತ್ತದೆ. ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅರ್ಧ ಗುಳಿಗಳಿದ್ದರೆ ಅವು ರಿವೆಟ್‌ಗಳು. ಮೊನೆ ಸರಳಿನಿಂದ ಒಂದೊಂದನ್ನೇ ಒತ್ತಿ ಮುಂದಕ್ಕೆ ಉಬ್ಬಿಸಬೇಕು. ದ್ರಾವಣ ಎರಡು ಕಡೆಯಿಂದ ತಿನ್ನುವುದರಿಂದ ಪ್ರತಿ ಅಂಚಿನ ನಡುವೆ ಸಣ್ಣ ಏಣು ಉಳಿದಿರುತ್ತದೆ. ಅದನ್ನು ಅರದಿಂದ ತೆಗೆಯದೆ ಎರಡು ತಗಡು ಜೋಡಿಸಿದರೆ ಮೂಲೆ ಎಂದೂ ಕೂಡುವುದಿಲ್ಲ. ಎಷ್ಟೋ ಜನ "ಕಿಟ್ ಸರಿಯಿಲ್ಲ" ಎನ್ನುವುದು ಈ ಏಣಿನ ಕಾರಣಕ್ಕೆ. ಕಿಟ್ ಸರಿಯಾಗಿಯೇ ಇರುತ್ತದೆ.

ಹೀಗೆ ನೋಡಿದರೆ ಮೇಲ್ಮೈಯ ತಪ್ಪು ಹೆದರುವಂಥದ್ದಲ್ಲ. ಜೋಡಣೆಯ ತಪ್ಪಿಗೆ, ಅಂದರೆ ನಾಲಿಗೆ ಕಿಂಡಿಯೊಳಗೆ ಹೋಗದಿರುವುದು, ತೂತು ಸಣ್ಣದಾಗಿರುವುದು, ತಾಳ್ಮೆ ಸಾಕು. ತೂತು ಸಣ್ಣದಿದ್ದರೆ ಅದು ನಿಜಕ್ಕೂ ಒಳ್ಳೆಯದೇ, ಬ್ರೋಚ್ ತಿರುಗಿಸಿ ಬೇಕಾದಷ್ಟು ಹಿಗ್ಗಿಸಬಹುದು. ದೊಡ್ಡದಾದ ತೂತನ್ನು ಕುಗ್ಗಿಸಲು ಬರುವುದಿಲ್ಲ. ಕಷ್ಟ ಇರುವುದು ಅಳತೆಯ ತಪ್ಪಿನಲ್ಲಿ. ನಕ್ಷೆ ಬರೆದವರೇ ತಪ್ಪು ಬರೆದಿದ್ದರೆ ತಗಡು ಎಷ್ಟು ನಯವಾಗಿದ್ದರೂ ಎಂಜಿನ್ ತಪ್ಪಾಗಿಯೇ ಹುಟ್ಟುತ್ತದೆ. ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನ ನಾನು ಬೆಸುಗೆ ಕಡ್ಡಿ ಮುಟ್ಟುವುದಿಲ್ಲ. ಕ್ಯಾಲಿಪರ್ ಹಿಡಿದು, ನಿಜವಾದ ಎಂಜಿನ್ನಿನ ಅಳತೆ ಪಕ್ಕದಲ್ಲಿಟ್ಟುಕೊಂಡು ಕೂರುತ್ತೇನೆ.

ಒಂದು ಉದಾಹರಣೆ. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ 5700 ವರ್ಗದ ಪ್ಯಾನಿಯರ್ ಟ್ಯಾಂಕ್ ಎಂಜಿನ್, 1929ರಿಂದ 1950ರವರೆಗೆ 863 ತಯಾರಾದವು. ಬಾಯ್ಲರಿನ ಎರಡೂ ಪಕ್ಕಕ್ಕೆ ಹೇರೆತ್ತಿನ ಚೀಲದಂತೆ ನೀರಿನ ತೊಟ್ಟಿ ಇಳಿಬಿಟ್ಟ, ಆರು ಚಕ್ರದ ಗಟ್ಟಿಮುಟ್ಟಾದ ಎಂಜಿನ್. ಅದರ ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮವಲ್ಲ: 7 ಅಡಿ 3 ಇಂಚು, 8 ಅಡಿ 3 ಇಂಚು. ನಮ್ಮ ಸ್ಕೇಲ್‌ನಲ್ಲಿ 29 ಮಿ.ಮೀ. ಮತ್ತು 33 ಮಿ.ಮೀ. ಚಾಸಿಯ ಪಕ್ಕೆಯಲ್ಲೂ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್‌ನಲ್ಲೂ ಇದೇ ಎರಡು ಸಂಖ್ಯೆ ಸಿಗಬೇಕು. ಎರಡರಲ್ಲೂ 28.8 ಸಿಕ್ಕರೆ ಕಣ್ಣಿಗೆ ಗೊತ್ತಾಗದು, ಎಂಜಿನ್ ಓಡುತ್ತದೆ. ಪಕ್ಕೆಯಲ್ಲಿ 29 ಇದ್ದು ರಾಡ್‌ನಲ್ಲಿ 28.8 ಇದ್ದರೆ ಓಡುವುದಿಲ್ಲ. ನಿಜವಾದ ಎಂಜಿನ್ನಿಗೆ ಎಷ್ಟು ಹತ್ತಿರ ಎನ್ನುವುದಕ್ಕಿಂತ ಭಾಗಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎನ್ನುವುದೇ ಚಾಸಿಯಲ್ಲಿ ಮುಖ್ಯ. ಇದನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಓಡದ ಎಂಜಿನ್‌ಗಳೆಲ್ಲ ಸಾಯುವುದು ಇಲ್ಲೇ.

ಉಗಿ ಎಂಜಿನ್ನಿನ ಚಕ್ರಗಳನ್ನು ಎರಡೂ ಬದಿಯಲ್ಲಿ ಒಂದೊಂದು ರಾಡ್ ಕಟ್ಟಿಹಾಕಿರುತ್ತದೆ. ಚಕ್ರದಲ್ಲಿ ರಾಡ್ ಸಿಕ್ಕಿಸುವ ತೋಳು ಕ್ರ್ಯಾಂಕ್. ಎಡಬದಿಯ ಕ್ರ್ಯಾಂಕಿಗೂ ಬಲಬದಿಯ ಕ್ರ್ಯಾಂಕಿಗೂ 90 ಡಿಗ್ರಿ ವ್ಯತ್ಯಾಸ. ಕಾರಣ ಸರಳ. ಸೈಕಲ್ ಪೆಡಲ್ ನೇರ ಮೇಲೆ, ನೇರ ಕೆಳಗೆ ಇದ್ದಾಗ ಎಷ್ಟು ತುಳಿದರೂ ಮುಂದೆ ಹೋಗದು. ಎಂಜಿನ್ನಿನ ಎರಡು ಸಿಲಿಂಡರ್‌ಗಳೂ ಒಟ್ಟಿಗೆ ಅಂಥ ಸತ್ತ ಬಿಂದುವಿಗೆ ಬಂದರೆ ಎಂಜಿನ್ ಹೊರಡಲಾರದು. 90 ಡಿಗ್ರಿ ಇದ್ದರೆ ಒಂದು ಸೋತಲ್ಲಿ ಇನ್ನೊಂದು ತಳ್ಳುತ್ತದೆ. ಮಾದರಿಗೆ ಉಗಿ ಇಲ್ಲ, 12 ವೋಲ್ಟಿನ ಮೋಟಾರು ಒಂದು ಆಕ್ಸಲನ್ನು ತಿರುಗಿಸುತ್ತದೆ. ಆದರೂ ರಾಡ್‌ಗಳು ಉಳಿದ ಚಕ್ರಗಳನ್ನು ಎಳೆಯುವುದರಿಂದ ಈ 90 ಡಿಗ್ರಿ ಎಲ್ಲ ಆಕ್ಸಲ್‌ಗಳಲ್ಲೂ ಒಂದೇ ಇರಬೇಕು. 91 ಆದರೂ ಚಿಂತೆಯಿಲ್ಲ, ಮೂರರಲ್ಲೂ 91 ಇರಲಿ. ಈ ಹೊಂದಿಕೆಗೆ ಕ್ವಾರ್ಟರಿಂಗ್ ಎಂದು ಹೆಸರು.

ಚಾಸಿ ಕಟ್ಟಿ ಚಕ್ರ ಹಾಕಿ ಬೆರಳಿಂದ ತಳ್ಳಿದಾಗ ಎಲ್ಲೋ ಹಿಡಿಯುತ್ತದೆ ಎಂದುಕೊಳ್ಳಿ. ಗಾಬರಿಯಾಗಿ ಎಲ್ಲ ತೂತುಗಳನ್ನೂ ಹಿಗ್ಗಿಸಬೇಡಿ. ಮೋಟಾರು ಕಳಚಿಟ್ಟು ಬಹಳ ನಿಧಾನವಾಗಿ ತಳ್ಳುತ್ತಾ, ಹಿಡಿಯುವ ಗಳಿಗೆಯಲ್ಲಿ ಕ್ರ್ಯಾಂಕ್ ಎಲ್ಲಿದೆ ಎಂದು ನೋಡಿ. ಒಂದು ಬದಿಯ ಕ್ರ್ಯಾಂಕ್ ಆಕ್ಸಲ್‌ಗಳ ನೇರಕ್ಕೆ, ಸರಿಯಾಗಿ ಅಡ್ಡಕ್ಕೆ ಬಂದಾಗ ಹಿಡಿದರೆ ತಪ್ಪು ಉದ್ದದ್ದು: ರಾಡಿಗೂ ಆಕ್ಸಲ್ ಅಂತರಕ್ಕೂ ತಾಳೆಯಿಲ್ಲ. ಅಡ್ಡಕ್ಕೂ ನೆಟ್ಟಗೂ ನಡುವೆ, 45 ಡಿಗ್ರಿಯ ಓರೆಯಲ್ಲಿ ಹಿಡಿದರೆ ತಪ್ಪು ಕ್ವಾರ್ಟರಿಂಗಿನದು: ಒಂದು ಚಕ್ರ ತನ್ನ ಆಕ್ಸಲಿನ ಮೇಲೆ ಕೂದಲೆಳೆಯಷ್ಟು ತಿರುಗಿ ಕೂತಿದೆ. ಮೊದಲನೆಯದಕ್ಕೆ ಬ್ರೋಚ್, ಎರಡನೆಯದಕ್ಕೆ ಚಕ್ರವನ್ನು ಬೆರಳಲ್ಲಿ ಹಿಡಿದು ಒಂದಿಷ್ಟು ತಿರುವುವುದು. ಎರಡನೆಯ ಕಾಯಿಲೆಗೆ ಮೊದಲನೆಯ ಔಷಧ ಕೊಟ್ಟರೆ ರಾಡ್ ತೂತುಗಳು ಸಡಿಲಾಗಿ ಎಂಜಿನ್ ಕುಂಟುತ್ತದೆ. ನನ್ನ ಎರಡನೆಯ ಎಂಜಿನ್ನಿಗೆ ನಾನು ಮಾಡಿದ್ದು ಅದನ್ನೇ. ಅದರ ರಾಡ್‌ಗಳನ್ನು ಮತ್ತೆ ಹೊಸದಾಗಿ ಮಾಡಬೇಕಾಯಿತು.

ಅಳತೆ ಹೊಂದದ ಕಿಟ್ ಬಂದರೆ ನಾನು ಅನುಸರಿಸುವ ಉಪಾಯ ಒಂದಿದೆ, ತುಂಬ ಹಳೆಯದು, ನಂಬಿಕೆಗೆ ಅರ್ಹವಾದದ್ದು. ಆಕ್ಸಲ್ ಬೇರಿಂಗ್‌ಗಳನ್ನು ಪಕ್ಕೆಯ ತೂತಿನಲ್ಲಿ ನೇರ ಬೆಸೆಯದೆ, ತೂತನ್ನು ಸ್ವಲ್ಪ ಹಿಗ್ಗಿಸಿ ಬೇರಿಂಗ್ ಅಲುಗಾಡುವಂತೆ ಬಿಡುತ್ತೇನೆ. ಮೊನೆ ಸಣ್ಣಗೆ ಮಾಡಿದ ಉದ್ದ ಸರಳುಗಳನ್ನು ಆಕ್ಸಲ್ ಜಾಗದಲ್ಲಿ ತೂರಿಸಿ, ಅವುಗಳ ಎರಡೂ ತುದಿಗೆ ಕಪ್ಲಿಂಗ್ ರಾಡ್‌ಗಳನ್ನೇ ಸಿಕ್ಕಿಸುತ್ತೇನೆ. ಈಗ ರಾಡೇ ಅಳತೆಗೋಲು. ರಾಡ್ ಹೇಳಿದ ಜಾಗದಲ್ಲಿ ಬೇರಿಂಗ್ ನಿಲ್ಲುತ್ತದೆ, ನಿಂತಲ್ಲೇ ಬೆಸುಗೆ ಹಾಕುತ್ತೇನೆ. 28.8 ಇರಲಿ, 29.1 ಇರಲಿ, ಪಕ್ಕೆ ಮತ್ತು ರಾಡ್ ಈಗ ಒಂದೇ ಮಾತಾಡುತ್ತವೆ. ಕೆಲಸವೆಲ್ಲ ದಪ್ಪ ಗಾಜಿನ ತುಂಡಿನ ಮೇಲೆ. ಗಾಜು ಸಮತಟ್ಟು, ಚಾಸಿಯ ನಾಲ್ಕು ಮೂಲೆಯಲ್ಲಿ ಒಂದು ಗಾಜಿನಿಂದ ಮೇಲೆದ್ದರೂ ಬೆರಳಿಟ್ಟ ಕೂಡಲೇ ಟಕ್ ಎಂದು ಹೇಳುತ್ತದೆ.

ಬೆಸುಗೆ ಎಂದರೆ ಹೊಸಬರಿಗೆ ಭಯ. ಭಯ ಬಿಡಿಸಲು ನಾನು ನೆನಪಿಸುವುದು ಕಲಾಯಿ ಹಾಕುವವರನ್ನು. ಹಿಂದೆ ಊರೂರಿಗೆ ಬರುತ್ತಿದ್ದರು. ಹಿತ್ತಾಳೆ ಪಾತ್ರೆಯನ್ನು ಮೊದಲು ಚೆನ್ನಾಗಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಬಟ್ಟೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ ಹೊಳಪು. ಬೆಸುಗೆಯ ಇಡೀ ಪಾಠ ಅಲ್ಲಿದೆ: ಲೋಹ ಶುಭ್ರವಾಗಿರಬೇಕು, ಕಾದಿರಬೇಕು, ನವಸಾಗರದಂಥ ಫ್ಲಕ್ಸ್ ಮೇಲಿನ ಕಿಲುಬನ್ನು ತಿಂದುಹಾಕಬೇಕು. ಆಮೇಲೆ ತವರ ತಾನೇ ಓಡುತ್ತದೆ. ಬೆಸುಗೆ ಕಡ್ಡಿಯ ತುದಿಯಿಂದ ಸೋಲ್ಡರನ್ನು, ಅಂದರೆ ಬೆಸೆಯುವ ಲೋಹವನ್ನು, ಬೆಣ್ಣೆ ಸವರಿದಂತೆ ಸವರುವುದು ಬೆಸುಗೆಯಲ್ಲ. ತಗಡು ಕಾದಾಗ ಬೂದು ಬಣ್ಣದ ಸೋಲ್ಡರ್ ಉಂಡೆ ಒಮ್ಮೆಲೇ ಮಿಂಚಿ, ಕನ್ನಡಿಯಂತಾಗಿ, ಜೋಡಣೆಯ ಸಂದಿಯೊಳಕ್ಕೆ ಸರಕ್ಕನೆ ಎಳೆದುಕೊಳ್ಳುತ್ತದೆ, ಬತ್ತಿ ಎಣ್ಣೆ ಹೀರಿದಂತೆ. ಆ ಮಿಂಚು ಸಂದಿಯ ಇನ್ನೊಂದು ತುದಿಯಲ್ಲಿ ಕಂಡ ಕೂಡಲೇ ಕಡ್ಡಿ ತೆಗೆಯಿರಿ. ಉಸಿರು ಬಿಗಿಹಿಡಿದು ಐದು ಎಣಿಸುವವರೆಗೆ ಭಾಗ ಅಲುಗಬಾರದು.

ಸೋಲ್ಡರುಗಳು ಕರಗುವ ಶಾಖ ಬೇರೆ ಬೇರೆ, ಅದನ್ನು ಮೆಟ್ಟಿಲಂತೆ ಬಳಸಬೇಕು. ಶುದ್ಧ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವರ–ಸೀಸದ ಸಾಮಾನ್ಯ ಸೋಲ್ಡರ್ ಸುಮಾರು 188ರಲ್ಲಿ. 145ರಲ್ಲಿ ಕರಗುವುದು ಒಂದಿದೆ, 70ರಲ್ಲಿ ಕರಗುವುದೂ ಇದೆ, ಅಂದರೆ ಕುದಿಯುವ ನೀರಿಗಿಂತ ಎಷ್ಟೋ ಕೆಳಗೆ. ಮುಖ್ಯ ಭಾಗಗಳನ್ನು 188ರಿಂದ, ಆಮೇಲಿನ ಸಣ್ಣ ಭಾಗಗಳನ್ನು 145ರಿಂದ ಬೆಸೆದರೆ ಎರಡನೆಯ ಕೆಲಸಕ್ಕೆ ಮೊದಲನೆಯದು ಬಿಚ್ಚಿಕೊಳ್ಳುವುದಿಲ್ಲ. 70ರದ್ದು ವೈಟ್‌ಮೆಟಲಿಗೆ ಮೀಸಲು. ಮಾಮೂಲಿ ಬೆಸುಗೆ ಕಡ್ಡಿಯ ತುದಿ 350 ಡಿಗ್ರಿ ದಾಟಿರುತ್ತದೆ. ಅದು ಸೋಕಿದರೆ ವೈಟ್‌ಮೆಟಲ್ ಚಿಮಣಿ ಕಣ್ಣೆದುರೇ ಹನಿಯಾಗಿ ಉರುಳುತ್ತದೆ. ಶಾಖ ತಗ್ಗಿಸಬಲ್ಲ ಕಡ್ಡಿ ಇಲ್ಲದವರು ಅಂಟು ಬಳಸಲಿ, ಅದರಲ್ಲಿ ಕಡಿಮೆಯೇನಿಲ್ಲ. ಇನ್ನೊಂದು ಗುಟ್ಟು: 70ರ ಸೋಲ್ಡರ್ ಬರಿ ಹಿತ್ತಾಳೆಗೆ ಹಿಡಿಯುವುದಿಲ್ಲ. ಹಿತ್ತಾಳೆಯ ಆ ಜಾಗಕ್ಕೆ ಮೊದಲು 188ರಿಂದ ಕಲಾಯಿ ಹಾಕಿ, ಆಮೇಲೆ ವೈಟ್‌ಮೆಟಲ್ ಕೂರಿಸಬೇಕು. ತಗ್ಗು ಶಾಖದ ಕೆಲವು ಸೋಲ್ಡರುಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಹಲವುಗಳಲ್ಲಿ ಸೀಸ. ಮಳೆ ಎಂದು ಕಿಟಕಿಯೆಲ್ಲ ಮುಚ್ಚಿ ಕೂರಬೇಡಿ. ಮುಗಿದ ಮೇಲೆ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಈ ಹವ್ಯಾಸದ ಪಾಠಗಳೆಲ್ಲ ಒಣ ಹವೆಯ ಬೆಚ್ಚನೆ ಕೋಣೆಗೆ ಬರೆದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ ಅವಕ್ಕೆ ತಿದ್ದುಪಡಿ ಬೇಕು. ಲೋಹಕ್ಕೆ ಬಳಸುವ ಫ್ಲಕ್ಸ್ ಹೆಚ್ಚಾಗಿ ನೀರು ಬೆರೆಸಿದ ಫಾಸ್ಫೋರಿಕ್ ಆಮ್ಲ. ಒಂದು ಕಕ್ಕಡದಲ್ಲಿ, ರಾತ್ರಿ ಕರೆಂಟು ಹೋಯಿತೆಂದು, ಅರ್ಧ ಬೆಸೆದ ಪ್ಯಾನಿಯರ್ ತೊಟ್ಟಿಗಳನ್ನು ತೊಳೆಯದೆ ಮೇಜಿನ ಮೇಲೇ ಬಿಟ್ಟು ಮಲಗಿದೆ. ಬೆಳಗ್ಗೆ ಪ್ರತಿ ಸಂದಿಯಿಂದಲೂ ಹಸಿರು ಕಿಲುಬು ಉಕ್ಕಿತ್ತು, ಪಾಚಿಯಂತೆ. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಹೋಯಿತು, ಆದರೆ ಸಣ್ಣ ರಿವೆಟ್‌ಗಳ ಒಂದು ಸಾಲು ಅದರ ಜೊತೆಗೇ ಮಂಕಾಯಿತು. ಅಂದಿನಿಂದ ಎಷ್ಟೇ ಹೊತ್ತಾದರೂ ಆ ದಿನದ ಕೆಲಸವನ್ನು ಆ ದಿನವೇ ತೊಳೆಯುತ್ತೇನೆ: ಬಿಸಿನೀರು, ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ದೀಪ ತಿಕ್ಕಲು ಹುಣಸೆಹಣ್ಣು ಒಳ್ಳೆಯದು, ಎಂಜಿನ್ನಿಗೆ ಬೇಡ. ಅದೂ ಹುಳಿಯೇ, ಸಂದಿಯಲ್ಲಿ ಉಳಿದರೆ ಮತ್ತದೇ ಕಥೆ. ತೊಳೆದದ್ದನ್ನು ಒಲೆಯ ಹತ್ತಿರ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಕೋವಿಗೆ ತುಕ್ಕು ಹಿಡಿಯದಂತೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು ಇಲ್ಲಿನ ಮನೆಮನೆಗೂ ಗೊತ್ತಿರುವ ಶಿಸ್ತು. ಉಕ್ಕಿನ ಆಕ್ಸಲ್, ಅರ, ಬ್ರೋಚ್‌ಗಳಿಗೂ ಅದೇ ಬೇಕು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿ, ಕತ್ತಿಗಳ ಸಾಲಿನಲ್ಲಿ ನನ್ನ ಅರಗಳನ್ನೂ ಇಟ್ಟು ಹೂ ಮುಡಿಸುತ್ತೇನೆ.

ಮೈ ಕಟ್ಟುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಚಾಸಿ ನೆಟ್ಟಗಿದ್ದರೆ ಮೈ ತಾನಾಗಿ ಕೂರುತ್ತದೆ. ಬಾಯ್ಲರ್ ಸುರುಳಿ ಮಾಡುವಾಗ ಮೆತ್ತನೆಯ ರಬ್ಬರ್ ಹಾಸಿನ ಮೇಲೆ ತಗಡಿಟ್ಟು ದುಂಡು ಸರಳನ್ನು ಒತ್ತಿ ಉರುಳಿಸಿ, ಕೂಡು ಗೆರೆ ಕೆಳಗೆ ಬರಲಿ. ಹಿತ್ತಾಳೆ ಮೈ ಟೊಳ್ಳು, ಹಗುರ. ಒಳಗೆ ಸೀಸ ತುಂಬಿ ತೂಕ ಚಕ್ರಗಳ ನಡುಮಧ್ಯಕ್ಕೆ ಬೀಳುವಂತೆ ನೋಡಿ. ಮೈ ಕೂರಿಸುವ ಮೊದಲೇ ಚಾಸಿಯನ್ನು ಮೋಟಾರಿನಿಂದ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಿಸಬೇಕು. ಅತಿ ಕಡಿಮೆ ವೋಲ್ಟೇಜಿನಲ್ಲಿ, ಚಕ್ರದ ಅರೆಗಳನ್ನು ಒಂದೊಂದಾಗಿ ಎಣಿಸುವಷ್ಟು ನಿಧಾನಕ್ಕೆ ತಡವರಿಸದೆ ತಿರುಗಿದರೆ ಆ ಚಾಸಿ ಗೆದ್ದಂತೆ.

ಉಳಿಯುವುದು ಬಣ್ಣ. ಹಿತ್ತಾಳೆಗೆ ಬಣ್ಣ ನೇರವಾಗಿ ಅಂಟುವುದಿಲ್ಲ, ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುವ ಎಚ್ ಪ್ರೈಮರ್ ಮೊದಲು ಬೇಕು. ಸ್ಪ್ರೇ ಬಣ್ಣದ ದ್ರಾವಕ ಆರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಜುಲೈಯಲ್ಲಿ ಇಲ್ಲಿ ಅದು ಖಂಡಿತ. ಆದ್ದರಿಂದ ಕಕ್ಕಡದಲ್ಲಿ ಕಟ್ಟಿದ ಎಂಜಿನ್ ತುಲಾ ಸಂಕ್ರಮಣದವರೆಗೆ ಬರಿಮೈಯಲ್ಲೇ ಡಬ್ಬಿಯಲ್ಲಿರುತ್ತದೆ. ತಲಕಾವೇರಿಯ ತೀರ್ಥ ಮನೆಗೆ ಬಂದು, ಬಿಸಿಲು ನಾಲ್ಕು ದಿನ ನಿಂತ ಮೇಲೆ, ಬೆಳಗಿನ ಮಂಜು ಕರಗುವ ಹತ್ತು ಗಂಟೆಯ ಹೊತ್ತಿಗೆ ಅಂಗಳಕ್ಕೆ ತಂದು ಮೊದಲ ಪ್ರೈಮರ್ ಹೊಡೆಯುತ್ತೇನೆ.